ಜಾಲರಿಗೆ ಮೊಳೆ ಬೇಕೆ?

ತುಮಕೂರು ಜಿಲ್ಲೆಯ ಯಡಿಯೂರು ಸಿದ್ಧಲಿಂಗೇಶ್ವರನ ಕ್ಷೇತ್ರವೆಂದು ನಾಡಿಗೆಲ್ಲ ಪರಿಚಿತ. ಆ ಸೀಮೆಯಲ್ಲಿ ತೆಂಗಿನಕಾಯಿಯ ಚೀಲವನ್ನೋ ರಾಗಿಯ ಮೂಟೆಯನ್ನೋ ಹೊತ್ತು ಜೀವಿಸುವವನ ತೊಡೆಸಂದಿನಲ್ಲಿ ಗಂಟೊಂದು ಕಾಣಿಸಿಕೊಂಡಿತೆನ್ನಿ. ವೈದ್ಯರು ಹರ್ನಿಯಾ ಎನ್ನುತ್ತಾರೆ; ಶಸ್ತ್ರಕ್ರಿಯೆ ಆಗಬೇಕೆನ್ನುತ್ತಾರೆ. ಮತ್ತೆ ಮೂಟೆ ಎತ್ತುವುದು ಎಂದಿಗೆ ಎಂಬ ಚಿಂತೆ ಅವನಿಗೆ ಆಗಲೇ ಹತ್ತುತ್ತದೆ.

ಕಿಬ್ಬೊಟ್ಟೆಯ ಗೋಡೆ ದುರ್ಬಲವಾದ ಎಡೆಯಲ್ಲಿ ಒಳಗಿನ ಕೊಬ್ಬೋ ಕರುಳೋ ಹೊರಕ್ಕೆ ಉಬ್ಬುವುದೇ ಹರ್ನಿಯಾ. ಗಂಡಸರಲ್ಲಿ ನೂರಕ್ಕೆ ಸುಮಾರು 27 ಮಂದಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ತೊಡೆಸಂದಿನ ಹರ್ನಿಯಾ ಬರುವುದುಂಟು. ಇಟಲಿಯ ಬಾಸಿನಿ 1880ರ ದಶಕದಲ್ಲಿ ಆ ಕಂಡಿಯನ್ನು ಎಳೆದು ಹೊಲಿಯುವ ಕ್ರಮವನ್ನು ರೂಢಿಗೆ ತಂದನು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಅಷರ್ ಪ್ಲಾಸ್ಟಿಕ್ ಎಳೆಗಳ ಜಾಲರಿಯಿಂದ ತೇಪೆ ಹಾಕುವುದನ್ನು ತೋರಿಸಿಕೊಟ್ಟನು. 1990ರ ದಶಕದಿಂದೀಚೆಗೆ ಸಣ್ಣ ರಂಧ್ರಗಳ ಮೂಲಕ ದುರ್ಬೀನು ತೂರಿಸಿ, ಆ ಜಾಲರಿಯನ್ನು ಗೋಡೆಯ ಒಳಮಗ್ಗುಲಿಗೆ ಹಾಸುವ ವಿಧಾನ ಬಳಕೆಗೆ ಬಂದಿತು.

ಹಾಸಿದ ಜಾಲರಿ ಜಾರಿಹೋದರೆ ಏನು ಗತಿ? ಈ ಭಯದಿಂದ ಶಸ್ತ್ರವೈದ್ಯರು ಸುಮಾರು 4 ಮಿಲಿಮೀಟರ್ ಉದ್ದದ ಟೈಟೇನಿಯಂ ತಿರುಪುಮೊಳೆಗಳನ್ನು ಹೊಡೆದು ಅದನ್ನು ಬಿಗಿಯತೊಡಗಿದರು. ಆಗಿನ ಜಾಲರಿಗಳೂ ಚಿಕ್ಕವು. ಆ ಭಯ ಅಕಾರಣವಾಗಿರಲಿಲ್ಲ. ಇಂದು ಕನಿಷ್ಠ 10 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದದ ಜಾಲರಿ ಹಾಸಬೇಕೆಂಬುದು ಒಪ್ಪಿತವಾದ ಮಾತು. ಆದರೂ ಮೊಳೆಯ ಅಭ್ಯಾಸ ಹಲವೆಡೆ ಹಾಗೆಯೇ ಉಳಿದಿದೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಪ್ರೌಢಶಾಲೆಯಲ್ಲಿ ಓದುವ ಪಾಸ್ಕಲನ ನಿಯಮವನ್ನು ವಿದ್ಯಾರ್ಥಿಗಳು ಇಲ್ಲಿ ಸ್ಮರಿಸಿಕೊಳ್ಳಬೇಕು. ಜೋರಾಗಿ ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಪಾದರಸದ 100 ಮಿಲಿಮೀಟರಿನವರೆಗೂ ಏರಬಲ್ಲುದು. ಎಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 136 ಗ್ರಾಂ ಭಾರ. ಮೇಲೆ ಹೇಳಿದ ಜಾಲರಿಯ ವಿಸ್ತಾರ 150 ಚದರ ಸೆಂಟಿಮೀಟರ್. ಅದರ ಮೇಲೆ ಬೀಳುವ ಒಟ್ಟು ಭಾರ 20 ಕಿಲೋಗ್ರಾಂ! 3 ಸೆಂಟಿಮೀಟರ್ ವ್ಯಾಸದ ಕಂಡಿಯ ವಿಸ್ತಾರವಾದರೋ 7 ಚದರ ಸೆಂಟಿಮೀಟರ್ ಮಾತ್ರ. ಜಾಲರಿಯನ್ನು ಕಂಡಿಯ ಮೂಲಕ ಹೊರಕ್ಕೆ ನೂಕುವ ಭಾರ 1 ಕಿಲೋಗ್ರಾಂ ಇದ್ದೀತು. ಮಿಕ್ಕ 19 ಕಿಲೋಗ್ರಾಂ ಅದನ್ನು ಗೋಡೆಗೇ ಒತ್ತಿ ಹಿಡಿಯುತ್ತದೆ. ಹರ್ನಿಯಾವನ್ನು ಹೊರದೂಡಿದ ಒತ್ತಡವೇ ಈಗ ಕಾವಲುಗಾರನಾಯಿತು. ಕೆಲವು ವಾರಗಳಲ್ಲಿ ದೇಹದ ನಾರು ಜಾಲರಿಯ ಕಣ್ಣುಗಳೊಳಗೆ ಬೆಳೆದು ಅದನ್ನು ಶಾಶ್ವತವಾಗಿ ಹೆಣೆದುಬಿಡುತ್ತದೆ.

ಇದು ಬರಿಯ ಲೆಕ್ಕಾಚಾರವೆಂದು ಯಾರಾದರೂ ಆಕ್ಷೇಪಿಸಿಯಾರು. ನಮ್ಮ ನೆರೆಯ ಕೇರಳದ ಪೆರಿಂದಲ್ಮಣ್ಣದ ಶಸ್ತ್ರವೈದ್ಯರು ಜಾಲರಿಯನ್ನು ಬಿಗಿಯದೆಯೇ, ಬೆನ್ನುಹುರಿಯ ಅರಿವಳಿಕೆಯಲ್ಲಿ ಮಾಡಿದ 1,220 ರಂಧ್ರ ಶಸ್ತ್ರಕ್ರಿಯೆಗಳ ಅನುಭವವನ್ನು 2009ರಲ್ಲಿ ಪ್ರಕಟಿಸಿದರು. ಆಸ್ಟ್ರೇಲಿಯದಲ್ಲಿ 500 ಹರ್ನಿಯಾಗಳನ್ನು ಒಳಗೊಂಡು, 2008ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಮೊಳೆ ಹೊಡೆಸಿಕೊಂಡವರಲ್ಲಿಯೇ ಹೊಸ ನೋವು ಹೆಚ್ಚಾಗಿ ಕಂಡುಬಂದಿತು. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯು, ಉದರದ ಪೊರೆಯನ್ನು ತೆರೆಯದೆ ಹೊರಗಿನಿಂದಲೇ ಮಾಡುವ ವಿಧಾನದಲ್ಲಿ ಬಹುತೇಕ ಎಲ್ಲರಿಗೂ ಬಿಗಿತ ಅನಾವಶ್ಯಕವೆಂದು ಸಾರಿತು.

ಮೊಳೆಯಿಂದ ಹಾನಿಯೇನು? ತೊಡೆಯ ಕಡೆಗೆ ಇಳಿಯುವ ನರಗಳು ಅಲ್ಲಿಯೇ ಹಾದುಹೋಗುತ್ತವೆ. ದೊಡ್ಡ ರಕ್ತನಾಳಗಳೂ ಸಮೀಪದಲ್ಲಿಯೇ ಇವೆ. ಶಸ್ತ್ರವೈದ್ಯರು ಆ ಎರಡು ಎಡೆಗಳನ್ನು ‘ನೋವಿನ ತ್ರಿಕೋನ’, ‘ಸಾವಿನ ತ್ರಿಕೋನ’ ಎಂದೇ ಕರೆಯುತ್ತಾರೆ. (ಹೆಸರಿಟ್ಟವರು ವಿದ್ಯಾರ್ಥಿಗಳನ್ನು ಹೆದರಿಸಲೆಂದೇ ಇಟ್ಟಿರಬೇಕು.) ನರಕ್ಕೆ ಮೊಳೆ ತಗುಲಿದರೆ ನೋವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಡುತ್ತದೆ. ಅಂಥವನು ಮೂಟೆ ಎತ್ತುವುದೆಂತು? ಇದಲ್ಲದೆ ಮೊಳೆ ಹೊಡೆಯುವ ಉಪಕರಣ ಸಾಮಾನ್ಯವಾಗಿ ಒಂದೇ ಸಲ ಬಳಸಿ ಎಸೆಯತಕ್ಕದ್ದು. ಅದರ ಬೆಲೆ ಜಾಲರಿಯ ಬೆಲೆಯನ್ನೂ ಮೀರುವುದುಂಟು.

ಕಂಡಿ ಬಹಳ ದೊಡ್ಡದಾದಾಗ ನಮ್ಮ ಲೆಕ್ಕ ತಲೆಕೆಳಗಾಗುತ್ತದೆ. ಅದು ದೊಡ್ಡದಾದಷ್ಟೂ ಜಾಲರಿಗೆ ಆತುಕೊಳ್ಳಲು ಗೋಡೆ ಉಳಿಯುವುದಿಲ್ಲ. ಹೊಟ್ಟೆಯ ನಡುಭಾಗದ ಕಡೆಗೆ ಮೂರು ಬೆರಳಗಲ ಅಥವಾ ಇನ್ನೂ ಹೆಚ್ಚು ತೆರೆದ ಹರ್ನಿಯಾಗಳಲ್ಲಿ ಜಾಲರಿಯನ್ನು ಬಿಗಿಯಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಅಲ್ಲಿ ಮೊಳೆಯನ್ನೋ ಅಂಟನ್ನೋ ಬಳಸುವುದಕ್ಕೆ ನಮ್ಮ ಅಭ್ಯಂತರವಿಲ್ಲ.

ಆದರೆ ಹಾಗೆ ಬಳಸಿದಾಗ ಕಾರಣವನ್ನು ಬರೆದಿಡಲಿ. ಮನೆಗೆ ಹೊರಟ ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ಜಾಲರಿಯ ಅಳತೆ, ಕಂಡಿಯ ಅಗಲ, ಹೊಡೆದ ಮೊಳೆಗಳ ಸಂಖ್ಯೆ ಇವಿಷ್ಟು ಇರಲಿ. ಮುಂದೆ ನೋವೆಂದು ಅವನು ಮತ್ತೊಬ್ಬ ವೈದ್ಯರ ಬಳಿಗೆ ಹೋದರೆ, ಅವರು ಮೊದಲು ಕೇಳುವುದು ಇವನ್ನೇ.