ರೇಸ್ ಏರದಿದ್ದರೆ ಎಂಜಿನ್ ಬಿಚ್ಚಬೇಕೇ?

ನಮ್ಮ ಮುಳವಾಡದ ಕಡೆ ಹಳೆಯ 100 ಸಿಸಿ ಬೈಕು ಗುಜರಿಗೆ ಹೋಗುವ ಮೊದಲು ಇನ್ನೊಂದು ಜನ್ಮ ಎತ್ತುತ್ತದೆ. ಹಿಂದಿನ ಗಾಲಿ ತೆಗೆದು, ಎರಡು ಗಾಲಿಯ ಅಚ್ಚು ಕೂಡಿಸಿ, ಅದರ ಹಿಂದೆ ಕುಂಟೆ ಕಟ್ಟಿದರೆ ತೊಗರಿ ಸಾಲಿನಲ್ಲಿ ಎಡೆ ಹೊಡೆಯಲು ಸಿದ್ಧ. ಎತ್ತು ಸಾಕುವವರು ಕಡಿಮೆಯಾದರು, ಬಾಡಿಗೆ ಎತ್ತು ಹದ ಇದ್ದಾಗ ಸಿಗುವುದಿಲ್ಲ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್‌ಸುಖ್‌ಭಾಯಿ ಜಗಾನಿ 1990ರ ದಶಕದಲ್ಲೇ ಬುಲೆಟ್ ಬೈಕಿಗೆ ಹೀಗೆ ನೇಗಿಲು, ಕುಂಟೆ ಕಟ್ಟಿ ‘ಬುಲೆಟ್ ಸಾಂತಿ’ ಮಾಡಿದ್ದರು. ಅವರ ದಾರಿಯಲ್ಲೇ ನಮ್ಮ ವೆಲ್ಡಿಂಗ್ ಅಂಗಡಿಗಳೂ ನಡೆದಿವೆ. ಇದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಇಂಥ ಬೈಕು ಹೊಲದಲ್ಲಿ ಕೈಕೊಟ್ಟಾಗ ನಾವು ಅದಕ್ಕೆ ಮಾಡುವ ಚಿಕಿತ್ಸೆಯ ಬಗ್ಗೆ ತಕರಾರಿದೆ.

ರೋಗದ ಲಕ್ಷಣ ಹೆಚ್ಚುಕಡಿಮೆ ಒಂದೇ. ರಸ್ತೆಯ ಮೇಲೆ ಗುಡುಗುವ ಎಂಜಿನ್, ಕುಂಟೆ ಎರೆ ಮಣ್ಣಿಗೆ ಇಳಿದೊಡನೆ ಗುರ್ ಎಂದು ಕೂತುಬಿಡುತ್ತದೆ. ಎಕ್ಸಲೇಟರ್ ಪೂರ್ತಿ ತಿರುವಿದರೂ ರೇಸ್ ಏರುವುದಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಓಣಿಯ ಕಾಕಾ ಒಬ್ಬರ ಬೈಕಿಗೆ ಹೀಗೇ ಆಯಿತು. ಪಟ್ಟಣದ ಮೆಕ್ಯಾನಿಕ್ ಮೊದಲು ಕಾರ್ಬುರೇಟರ್ ಬಿಚ್ಚಿ ಜೆಟ್ ಬದಲಿಸಿದರು. ಎರಡನೇ ಸಲ ಹೋದಾಗ, “ಪಿಸ್ಟನ್ ಹೋಗೈತ್ರಿ, ಬೋರ್ ಮಾಡಸಬೇಕು” ಎಂದರು. ಬೋರ್ ಆಯಿತು, ಹೊಸ ಪಿಸ್ಟನ್ ಬಂತು, ದುಡ್ಡು ಹೋಯಿತು. ಹೊಲಕ್ಕೆ ಬಂದರೆ ಅದೇ ಗುರ್. ಅಷ್ಟರಲ್ಲಿ ಸಾಲಿನಲ್ಲಿ ಕಸ ತೊಗರಿಯಷ್ಟೇ ಎತ್ತರ ಬೆಳೆದಿತ್ತು. “ತಮ್ಮಾ, ನೀ ಇದನ್ನ ಓದಾಕ ಹೋಗಿಯಲ್ಲ, ಏನಾಗೈತಿ ನೋಡು” ಎಂದು ಕಾಕಾ ಕರೆದರು.

ನಾನು ನೋಡಿದ್ದು ಎಂಜಿನ್ನನ್ನಲ್ಲ, ಸಂಖ್ಯೆಯನ್ನು. ಆರ್‌ಪಿಎಂ ತಿಳಿಯಲು ದೊಡ್ಡ ಉಪಕರಣ ಬೇಕಿಲ್ಲ. ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ಮೊಬೈಲಿನಲ್ಲಿ ಶಬ್ದದ ಕಂಪನ ತೋರಿಸುವ ಆ್ಯಪ್ ಹಾಕಿಕೊಂಡು ಸೈಲೆನ್ಸರ್ ಪಕ್ಕ ಹಿಡಿದರೆ, ಅತಿ ಕೆಳಗೆ ಕಾಣುವ ಕಂಪನವನ್ನು 120ರಿಂದ ಗುಣಿಸಿದರೆ ಮುಗಿಯಿತು. 15 ಹರ್ಟ್ಸ್ ಅಂದರೆ 1800 ಸುತ್ತು. ಪ್ಲಗ್ ವೈರಿಗೆ ಸುತ್ತುವ ಅಗ್ಗದ ಮೀಟರೂ ಸಿಗುತ್ತದೆ. ಕೆಲವು ಬೈಕುಗಳಲ್ಲಿ ಪ್ರತಿ ಸುತ್ತಿಗೂ ಕಿಡಿ ಹಾರುವುದರಿಂದ ಅದನ್ನು ನೋಡಿ ಹೊಂದಿಸಬೇಕು, ಇಲ್ಲವಾದರೆ ದುಪ್ಪಟ್ಟು ತೋರಿಸುತ್ತದೆ.

ಕಾಕಾ ಅವರ ಬೈಕು ನ್ಯೂಟ್ರಲ್‌ನಲ್ಲಿ 6000 ದಾಟಿ ಸಲೀಸಾಗಿ ಏರಿತು. ಅಂದರೆ ಪೆಟ್ರೋಲು, ಗಾಳಿ, ಕಿಡಿ ತಕ್ಕಮಟ್ಟಿಗೆ ಸರಿ ಇವೆ. ಮೊದಲ ಗೇರಿನಲ್ಲಿ ಕುಂಟೆ ಊರಿದಾಗ ಮಾತ್ರ 1800ಕ್ಕೆ ಕುಸಿಯಿತು. ಈಗ ಲೆಕ್ಕ ನೋಡಿ. ಇಂಥ 100 ಸಿಸಿ ಬೈಕಿನ ಮೊದಲ ಗೇರಿನಲ್ಲಿ ಎಂಜಿನ್ ಸುಮಾರು 40 ಸುತ್ತು ತಿರುಗಿದರೆ ಹಿಂದಿನ ಗಾಲಿ ಒಂದು ಸುತ್ತು ತಿರುಗುತ್ತದೆ. ಗಾಲಿಯ ಸುತ್ತಳತೆ 1.9 ಮೀಟರ್. ಎಡೆ ಹೊಡೆಯುವ ನಡಿಗೆ ಗಂಟೆಗೆ 4 ಕಿ.ಮೀ., ಅಂದರೆ ಗಾಲಿ ನಿಮಿಷಕ್ಕೆ 35 ಸುತ್ತು. 35ಕ್ಕೆ 40 ಗುಣಿಸಿದರೆ 1400. ಬೈಕು ನಿಂತಲ್ಲೇ ಗುನುಗುವ ಐಡ್ಲಿಂಗ್‌ಗೆ ಸಮೀಪದ ಸಂಖ್ಯೆ ಇದು! ಈ ಎಂಜಿನ್ ಚೆನ್ನಾಗಿ ಎಳೆಯುವುದು 5000ದ ಆಸುಪಾಸಿನಲ್ಲಿ. ತಿರುಚುಬಲ ಅಷ್ಟೇ ಇದೆ ಎಂದುಕೊಂಡರೂ 1800ರಲ್ಲಿ ಸಿಗುವ ಶಕ್ತಿ 5000ದಲ್ಲಿ ಸಿಗುವುದರ ಮೂರನೇ ಒಂದು ಭಾಗ ಮಾತ್ರ. ಹಾಗಾಗಿ ಓಡಿಸುವವರು ಇಡೀ ದಿನ ಹಾಫ್ ಕ್ಲಚ್ ಹಿಡಿದು ರೇಸ್ ಕಾಯ್ದುಕೊಳ್ಳುತ್ತಾರೆ, ವಾರದಲ್ಲಿ ಕ್ಲಚ್ ಪ್ಲೇಟ್ ಸುಡುತ್ತದೆ. ಅದಕ್ಕೂ ಒಂದು ಬಿಲ್.

ಪಿಸ್ಟನ್ ಬದಲಿಸಿದರೆ ಈ ಲೆಕ್ಕ ಬದಲಾಗುವುದಿಲ್ಲ. ಬೇಕಾದದ್ದು ನಡುವೆ ಇನ್ನೊಂದು ಶಾಫ್ಟ್. ಅದಕ್ಕೆ 14 ಹಲ್ಲಿನ ಮತ್ತು 42 ಹಲ್ಲಿನ ಸ್ಪ್ರಾಕೆಟ್ ಜೋಡಿ ಹಾಕಿದರೆ ಮೂರು ಪಟ್ಟು ಇಳಿತ ಸಿಗುತ್ತದೆ. 40 ಇದ್ದದ್ದು 120 ಆಗುತ್ತದೆ, ಅದೇ 4 ಕಿ.ಮೀ. ನಡಿಗೆಯಲ್ಲಿ ಎಂಜಿನ್ 4200ರಲ್ಲಿ ಓಡುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಹಾಗೆಯೇ ಮಾಡಿಸಿದೆವು, ಬೈಕು ಸಾಲು ಹಿಡಿಯಿತು. ಇದು ಪುಕ್ಕಟೆ ಲಾಭವಲ್ಲ: ಕೊನೆಯ ಚೈನಿನ ಮೇಲೆ ಎಳೆತ ಮೂರು ಪಟ್ಟಾಗಬಹುದು, ಹಳೆಯ ಬೈಕಿನ ಸವೆದ ಚೈನ್ ಅದನ್ನು ತಾಳುವುದಿಲ್ಲ. ಇನ್ನು ‘ಹಿಡಿತ ಬರಲಿ’ ಎಂದು ದೊಡ್ಡ ಕಬ್ಬಿಣದ ಗಾಲಿ ಹಾಕುವವರಿದ್ದಾರೆ. 60 ಸೆಂ.ಮೀ. ಗಾಲಿಯನ್ನು 75 ಮಾಡಿದರೆ ಅದೇ ವೇಗಕ್ಕೆ ಎಂಜಿನ್ ಸುತ್ತು ಐದರಲ್ಲಿ ಒಂದು ಪಾಲು ತಾನಾಗಿ ಇಳಿಯುತ್ತದೆ.

ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗೂ ಇದೇ ಕಾಯಿಲೆ ಎಂದರೆ ನಗಬೇಡಿ. ಆಳ ಹಿಮಕ್ಕೆಂದು ಉದ್ದನೆಯ ರಬ್ಬರ್ ಪಟ್ಟಿ ಹಾಕಿದರೆ ಹೊರೆ ಹೆಚ್ಚಿ ರೇಸ್ ಇಳಿಯುತ್ತದೆ. ತಿಳಿದವರು ಎಂಜಿನ್ ಬಿಚ್ಚುವ ಮೊದಲು ಕ್ಲಚ್ಚಿನ ತೂಕ ಮತ್ತು ಸ್ಪ್ರಿಂಗ್ ನೋಡುತ್ತಾರೆ. ತೂಕ ಹೆಚ್ಚಿದ್ದರೆ ಅದು ಎಂಜಿನ್ ಹುರುಪಿಗೆ ಬರುವ ಮೊದಲೇ ಮೇಲಿನ ಗೇರಿಗೆ ಏರಿದಂತೆ ವರ್ತಿಸುತ್ತದೆ. ನಮ್ಮ ಗೇರಿಲ್ಲದ ಸ್ಕೂಟರಿನ ರೋಲರುಗಳೂ ಇದೇ ಕೆಲಸ ಮಾಡುತ್ತವೆ.

ಎಂಜಿನ್ನಿನದೇ ತಪ್ಪು ಎಂದೂ ಇರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಎರೆ ಹೊಲದ ಧೂಳಿಗೆ ಏರ್ ಫಿಲ್ಟರ್ ಎರಡೇ ದಿನದಲ್ಲಿ ಮುಚ್ಚಿಕೊಳ್ಳಬಹುದು. ಪ್ಲಗ್ ಮಸಿ ಹಿಡಿದು ಕಪ್ಪಾಗಿದ್ದರೆ ಮೊದಲು ಅಲ್ಲಿ ನೋಡಿ. ಅರ್ಧ ತಾಸು ಚೆನ್ನಾಗಿ ಓಡಿ ಆಮೇಲೆ ಸೊರಗಿದರೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಚೇತರಿಸಿಕೊಂಡರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ, ಖರ್ಚು ಒಂದು ಸೂಜಿ. ಚೈನ್ ಬಿಗಿಯೋ, ಬ್ರೇಕ್ ಹಿಡಿದಿದೆಯೋ ಎಂದು ಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿದರೆ ತಿಳಿಯುತ್ತದೆ. ಇವೆಲ್ಲ ಹತ್ತು ನಿಮಿಷದ ಕೆಲಸ. ಬೋರ್ ಮಾಡಿಸುವುದು ಇವೆಲ್ಲ ಮುಗಿದ ಮೇಲೆ ಬರಬೇಕಾದ ಮಾತು, ನಮ್ಮಲ್ಲಿ ಮೊದಲೇ ಬರುತ್ತದೆ.

ಮೆಕ್ಯಾನಿಕ್ಕನ್ನು ಮಾತ್ರ ದೂರಿ ನಾನು ಸುಮ್ಮನಾಗಲಾರೆ. ಅವರ ಮುಂದೆ ನಿಂತದ್ದು ಕಂಪನಿಯ ಬೈಕಲ್ಲ, ಯಾವ ಪುಸ್ತಕದಲ್ಲೂ ಇಲ್ಲದ ಯಂತ್ರ. ಅದಕ್ಕೆ ಪುಸ್ತಕ ಬರೆಯಬೇಕಾದವರು ಬಿಇ ಓದುವ ನಾವು. ‘ಬಹುಪಯೋಗಿ ಕೃಷಿ ಯಂತ್ರ’ ನಮ್ಮ ಅಂತಿಮ ವರ್ಷದ ಪ್ರಾಜೆಕ್ಟುಗಳ ಸವಕಲು ವಿಷಯ. ನಾನು ತಿರುವಿ ನೋಡಿದ ವರದಿಗಳಲ್ಲಿ ಬಣ್ಣದ ಫೋಟೊ ಇದೆ, ವೆಚ್ಚದ ಪಟ್ಟಿ ಇದೆ, ಕುಂಟೆ ಮಣ್ಣಿನಲ್ಲಿದ್ದಾಗ ಎಂಜಿನ್ ಎಷ್ಟು ಸುತ್ತು ತಿರುಗಿತು ಎಂಬುದು ಇಲ್ಲ. ಕಾಲೇಜಿನ ಅಂಗಳದ ಕಾಂಕ್ರೀಟಿನ ಮೇಲೆ ಓಡಿಸಿ ತೋರಿಸಿದರೆ ಅಂಕ ಸಿಗುತ್ತದೆ. ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳೂ ಅಷ್ಟೇ, ಹಾಡು ಕೇಳಿಸುತ್ತದೆ, ಸ್ಪ್ರಾಕೆಟ್ ಹಲ್ಲಿನ ಲೆಕ್ಕ ಯಾರೂ ಹೇಳುವುದಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ನೆರವು ಕೊಡುತ್ತದೆ. ಹೊಲದಲ್ಲಿ, ಹೊರೆಯ ಕೆಳಗೆ ಅಳೆದ ಆರ್‌ಪಿಎಂ ಇಲ್ಲದ ಕೃಷಿ ಯಂತ್ರದ ವರದಿಯನ್ನು ಕಾಲೇಜುಗಳು ಒಪ್ಪಲೇಬಾರದು ಎಂಬುದು ನನ್ನ ವಾದ.

ಒಂದು ಮಾತು, ಹೀಗೆ ಬದಲಿಸಿದ ಬೈಕನ್ನು ರಸ್ತೆಗೆ ತರುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದಕ್ಕೆ ಅಡ್ಡ ಬರುತ್ತದೆ. ಹೊಲಕ್ಕೆ ಟ್ರ್ಯಾಲಿಯಲ್ಲೇ ಒಯ್ಯಬೇಕು.

ಮುಳವಾಡ ಏತ ನೀರಾವರಿಯ ನೀರು ಬಂದ ಹೊಲಗಳಲ್ಲಿ ಬೆಳೆಯ ಜೊತೆ ಕಸವೂ ಹೆಚ್ಚು. ಕಾಕಾ ಈ ವರ್ಷ ಎರಡು ಸಲ ಎಡೆ ಹೊಡೆಯುವ ಯೋಚನೆಯಲ್ಲಿದ್ದಾರೆ. ಅವರ ಬೈಕಿನಲ್ಲಿ ಈಗ ಉಳಿದಿರುವ ತೊಂದರೆ ಕಾವಿನದು. ರಸ್ತೆಯ ಗಾಳಿಗೆ ತಣಿಯಬೇಕಾದ ಎಂಜಿನ್ನಿಗೆ 4 ಕಿ.ಮೀ. ವೇಗದಲ್ಲಿ ಗಾಳಿ ಎಲ್ಲಿಂದ ಬರಬೇಕು? ಗುಜರಿಯಲ್ಲಿ ಸಿಕ್ಕ ಕಾರಿನ ರೇಡಿಯೇಟರ್ ಫ್ಯಾನೊಂದನ್ನು ತಂದಿಟ್ಟಿದ್ದಾರೆ. ಬೈಕಿನ ಬ್ಯಾಟರಿ ಅದನ್ನು ತಾಳುವುದಿಲ್ಲ, ಆದ್ದರಿಂದ ನಡುವಿನ ಶಾಫ್ಟಿನಿಂದ ಬೆಲ್ಟ್ ಕೊಟ್ಟು ತಿರುಗಿಸಬಹುದೇ ಎಂದು ಲೆಕ್ಕ ಹಾಕುತ್ತಿದ್ದೇವೆ.