ದಮ್ಮಾಮ್ ನಾಲ್ಕೂವರೆ ಗಂಟೆಯ ದಾರಿ ಮಾತ್ರವೇ?

ಮಂಗಳೂರಿನಿಂದ ದಮ್ಮಾಮಿಗೆ ಆಕಾಶಮಾರ್ಗದಲ್ಲಿ ಸುಮಾರು 3,000 ಕಿಲೋಮೀಟರ್. ನೇರ ವಿಮಾನ ಸಿಕ್ಕಿದರೆ ಹೆಚ್ಚು ಕಡಿಮೆ ನಾಲ್ಕೂವರೆ ಗಂಟೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಲು ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಬಸ್ಸಿನಲ್ಲಿ ಮುಂಬೈಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಗಲ್ಫ್ ಸೇರಿದ ಹಿರಿಯರಿಗೆ ಇದೊಂದು ಪವಾಡವೇ ಸರಿ. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದ ಮೇಲಂತೂ 'ಗಲ್ಫ್ ಈಗ ಇಲ್ಲೇ ಅಲ್ವಾ' ಎನ್ನುವ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿದೆ.

ಈ ಮಾತು ಎಷ್ಟು ನಿಜ ಎಂದು ತಿಳಿಯುವುದು ಮನೆಯಲ್ಲಿ ಮರಣವಾದ ದಿನ. ಊರಲ್ಲಿ ಸುಬಹಿ ಹೊತ್ತಿಗೆ, ಐದು ಗಂಟೆಗೆ ಉಮ್ಮ ತೀರಿಕೊಂಡರು ಎಂದಿಟ್ಟುಕೊಳ್ಳಿ. ಅಸರ್ ಬಳಿಕ ದಫನ. ಮಗ ಜುಬೈಲಿನಲ್ಲಿದ್ದಾನೆ, ಅಲ್ಲಿ ಆಗ ರಾತ್ರಿ ಎರಡೂವರೆ. ಅವನ ಕೈಯಲ್ಲಿರುವುದು ಹತ್ತು-ಹನ್ನೊಂದು ಗಂಟೆ. ಏರ್‌ಪೋರ್ಟಿಗೆ ಒಂದು ಗಂಟೆಯ ದಾರಿ, ಅಲ್ಲಿ ಮೂರು ಗಂಟೆ ಮೊದಲೇ ಹಾಜರಿ, ವಿಮಾನದಲ್ಲಿ ನಾಲ್ಕೂವರೆ ಗಂಟೆ, ಬಜ್ಪೆಯಲ್ಲಿ ಇಳಿದು ಮನೆ ಮುಟ್ಟಲು ಇನ್ನೊಂದೆರಡು ಗಂಟೆ. ಲೆಕ್ಕ ಅಲ್ಲಿಗೇ ಮುಗಿಯಿತು. ಅದೂ ಸರಿಯಾದ ಹೊತ್ತಿಗೆ ನೇರ ವಿಮಾನ ಇದ್ದು, ಅದರಲ್ಲಿ ಸೀಟು ಸಿಕ್ಕಿದರೆ! ಮುಂಬೈ ಮೇಲೆಯೋ ಮಸ್ಕತ್ ಮೇಲೆಯೋ ಬರಬೇಕಾದರೆ ಆ ದಿನವೇ ಕೈತಪ್ಪುತ್ತದೆ.

ಟಿಕೆಟ್ ಇದ್ದರೂ ಎಕ್ಸಿಟ್ ರೀ-ಎಂಟ್ರಿ ಇಲ್ಲದೆ ಹೊರಡುವಂತಿಲ್ಲ. 2021ರಿಂದ ಸೌದಿಯ ಖಾಸಗಿ ಕಂಪೆನಿಗಳ ಕೆಲಸಗಾರರು ಅದಕ್ಕೆ ತಾವೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಆದರೆ ಆ ಸುಧಾರಣೆಯಿಂದ ಮನೆ ಡ್ರೈವರುಗಳನ್ನು, ಮನೆಕೆಲಸದವರನ್ನು ಹೊರಗಿಡಲಾಯಿತು. ರಾತ್ರಿ ಎರಡೂವರೆಗೆ ಕಫೀಲನನ್ನು ಎಬ್ಬಿಸುವವರು ಯಾರು?

ಈ ದೂರವನ್ನು ನಾವೇ ಇನ್ನಷ್ಟು ಉದ್ದ ಮಾಡುವುದೂ ಉಂಟು. ಉಪ್ಪ ಹದಿನೈದು ದಿನದಿಂದ ಆಸ್ಪತ್ರೆಯಲ್ಲಿದ್ದರೂ 'ಅವನಿಗೆ ಹೇಳ್ಬೇಡಿ, ಸುಮ್ನೆ ಟೆನ್ಶನ್ ಮಾಡ್ಕೊಳ್ತಾನೆ' ಎನ್ನುತ್ತೇವೆ. ಫೋನಿನಲ್ಲಿ 'ಎಲ್ಲ ಸುಖ' ಎನ್ನುತ್ತೇವೆ. ಪ್ರೀತಿಯಿಂದಲೇ ಹೀಗೆ ಮಾಡುವುದು, ನಿಜ. ಆದರೆ ಆ ಹದಿನೈದು ದಿನದಲ್ಲಿ ಅವನು ರಜೆ ಕೇಳಬಹುದಿತ್ತು, ಟಿಕೆಟಿಗೆ ಹಣ ಹೊಂದಿಸಬಹುದಿತ್ತು, ಬಂದು ಉಪ್ಪನ ಕೈ ಹಿಡಿದು ಕೂರಬಹುದಿತ್ತು. ಕೊನೆಗೆ ಅವನಿಗೆ ಸಿಗುವುದು ಮೊಬೈಲಿನಲ್ಲಿ ಮಯ್ಯಿತ್ತಿನ ಮುಖ ಮಾತ್ರ.

ಕಾಯಿಲೆ ಜೋರಾದ ದಿನವೇ ಮಕ್ಕಳಿಗೆ ಸತ್ಯ ಹೇಳಿ. ಬರುವುದು ಬಿಡುವುದು ಅವರೇ ತೀರ್ಮಾನಿಸಲಿ. ಅಲ್ಲಿರುವವರು ಒಂದು ಟಿಕೆಟಿನ ಹಣವನ್ನು ಬೇರೆಯೇ ತೆಗೆದಿಡಿ, ಪಾಸ್‌ಪೋರ್ಟು, ಇಕಾಮದ ಅವಧಿ ಆಗಾಗ ನೋಡಿಕೊಳ್ಳಿ. ಕಡಿಮೆ ಸಂಬಳದವರ ತುರ್ತು ಪ್ರಯಾಣಕ್ಕೆಂದು ಜಮಾಅತ್‌ಗಳು, ಗಲ್ಫಿನಲ್ಲಿರುವ ನಮ್ಮ ಸಂಘಟನೆಗಳು ಸಣ್ಣದೊಂದು ನಿಧಿ ಇಟ್ಟರೆ ಅದೂ ದೊಡ್ಡ ಉಪಕಾರ.

ವಿಮಾನದ ವೇಗ ಹೆಚ್ಚಿಸುವುದು ನಮ್ಮ ಕೈಯಲ್ಲಿಲ್ಲ. ಫೋನನ್ನು ಹದಿನೈದು ದಿನ ಮೊದಲು ಮಾಡುವುದು ನಮ್ಮ ಕೈಯಲ್ಲೇ ಉಂಟು.