ಹಾಡಿಗೆ ತಕ್ಕ ತಂತಿ

ಮಂಡ್ಯ ಸೀಮೆಯವರಿಗೆ ತಂತಿಯ ಮಹಿಮೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. 1902ರಲ್ಲಿ ಶಿವನಸಮುದ್ರದ ಬಳಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆಯೇ ನಡೆದುಹೋಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಅಷ್ಟು ದೂರ ಸಾಗಿಯೂ ಶಕ್ತಿ ದಾರಿಯಲ್ಲೇ ಸೋರಿಹೋಗಲಿಲ್ಲವೇಕೆ? ಹತ್ತಾರು ಸಾವಿರ ವೋಲ್ಟುಗಳ ಒತ್ತಡದಲ್ಲಿ ಕಳುಹಿಸಿದರು. ಒತ್ತಡ ಹೆಚ್ಚಿದಾಗ ಅಷ್ಟೇ ಶಕ್ತಿಗೆ ಪ್ರವಾಹ ಕಡಿಮೆ ಸಾಕು. ಪ್ರವಾಹ ಕಡಿಮೆಯಾದರೆ ತಂತಿ ಕಾಯುವುದೂ ಕಡಿಮೆ. ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆ ಎಂಬುದು ಪ್ರೌಢಶಾಲೆಯ ಪಾಠ.

ಈಗ ಇದರ ತಿರುವುಮುರುವನ್ನು ನೋಡಿರಿ. ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗುವ ರಸ್ತೆಯಲ್ಲಿ ಸಂಜೆಯ ಹೊತ್ತು ಐದು ನಿಮಿಷ ನಿಂತರೆ, ಹಾಡನ್ನು ಮೊಳಗಿಸುತ್ತ ಸಾಗುವ ಕಾರುಗಳೂ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳೂ ಸಾಲಾಗಿ ಕಾಣಸಿಗುತ್ತವೆ. ಅವುಗಳ ಬ್ಯಾಟರಿಯ ಒತ್ತಡ ಕೇವಲ ಹನ್ನೆರಡು ವೋಲ್ಟು. ಕೈಯಿಟ್ಟರೆ ಜುಮ್ಮೆನ್ನುವಷ್ಟೂ ಇಲ್ಲ. ಆದುದರಿಂದಲೇ ಜನಕ್ಕೆ ಅದರ ವಿಷಯದಲ್ಲಿ ಸಸಾರ. ಆದರೆ ಒತ್ತಡ ಕಿರಿದಾದುದರಿಂದಲೇ ಪ್ರವಾಹ ಹಿರಿದಾಗಬೇಕಾಗುತ್ತದೆ. ಐನೂರು ವ್ಯಾಟ್ ಧ್ವನಿಯನ್ನು ನಿಜವಾಗಿ ಹೊರಡಿಸುವ ಆಂಪ್ಲಿಫೈಯರು, ತನ್ನಲ್ಲಿ ಐದನೆಯ ಒಂದು ಪಾಲನ್ನು ಶಾಖವಾಗಿ ಕಳೆದುಕೊಳ್ಳುವುದೆಂದು ಹಿಡಿದರೆ, 625 ವ್ಯಾಟನ್ನು ಬೇಡುತ್ತದೆ. ಎಂಜಿನ್ ಓಡುವಾಗ ಇರುವ 13.8 ವೋಲ್ಟಿನಿಂದ ಅದನ್ನು ಭಾಗಿಸಿರಿ: 45 ಆಂಪಿಯರು! ನಮ್ಮ ನಿಮ್ಮ ಮನೆಯ ಗೀಸರು ಸಹ ಇದರ ಕಾಲುಭಾಗದಷ್ಟನ್ನೇ ಎಳೆಯುವುದು.

ಗೃಹಿಣಿಯರು ಈ ಪುಟವನ್ನು ಮಗುಚಿ ಧಾರಾವಾಹಿಗೆ ಹೋಗುವ ಮುನ್ನ ಒಂದು ಮಾತು. ಮಗನ ಕಾರಿನ ಹಾಡಿಗೂ ಮನೆಯ ನೆಮ್ಮದಿಗೂ ಸಂಬಂಧವುಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಕೃಷ್ಣರಾಜಪೇಟೆಯ ಕಡೆಯವನು, ತಾಯಿಯ ಒಡವೆಗಳನ್ನು ಅಡವಿಟ್ಟು ಒಂದು ಹಳೆಯ ಕಾರನ್ನು ಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಯಾವುದೋ ಒಂದು ಅಂಗಡಿಯಲ್ಲಿ ಅದಕ್ಕೆ ಆಂಪ್ಲಿಫೈಯರನ್ನು ಹಾಕಿಸಿದ. ಬ್ಯಾಟರಿಯಿಂದ ಹೊರಟ ತಂತಿಯನ್ನು ಎಂಜಿನ್ನಿಗೂ ಒಳಗಿನ ಆಸನಗಳಿಗೂ ನಡುವಣ ತಗಡಿನಲ್ಲಿ ತೂತು ಕೊರೆದು ಹಾಗೆಯೇ ತೂರಿಸಿದ್ದರು. ತೂತಿಗೆ ರಬ್ಬರಿನ ಬಳೆ ಇಲ್ಲ, ಬ್ಯಾಟರಿಯ ಬಳಿ ಫ್ಯೂಸೂ ಇಲ್ಲ. ಕೆಲವು ತಿಂಗಳ ಕುಲುಕಾಟದಲ್ಲಿ ತಗಡಿನ ಅಂಚು ತಂತಿಯ ಹೊದಿಕೆಯನ್ನು ಅರೆದು ತಾಮ್ರವನ್ನು ಮುಟ್ಟಿತು. ನಾಗಮಂಗಲದ ರಸ್ತೆಯಲ್ಲಿ, ಹಿಂದೆ ಒಂದು ಸಂಸಾರ ಕುಳಿತಿದ್ದಾಗ, ಕಾಲಬಳಿಯಿಂದ ಹೊಗೆಯೆದ್ದಿತು. ಹುಡುಗ ಬುದ್ಧಿವಂತ, ಮೊದಲು ಎಲ್ಲರನ್ನೂ ಇಳಿಸಿ, ಅನಂತರ ಬಾನೆಟ್ಟನ್ನು ಎತ್ತಿ ಬ್ಯಾಟರಿಯ ಕೊಂಡಿಯನ್ನು ಬಿಚ್ಚಿದ. ಜೀವಹಾನಿಯಾಗಲಿಲ್ಲ. ಕಾರಿನ ನೆಲಹಾಸು, ಒಂದು ಆಸನ, ತಂತಿಗಳ ಇಡೀ ಜಾಲ ಬೆಂದುಹೋದುವು. ಎರಡು ತಿಂಗಳು ಬಾಡಿಗೆಯಿಲ್ಲ. ಒಡವೆಯ ಬಡ್ಡಿ ಮಾತ್ರ ನಿಲ್ಲಲಿಲ್ಲ.

ಫ್ಯೂಸಿನ ವಿಷಯದಲ್ಲಿ ವಿದ್ಯಾವಂತರಿಗೂ ಒಂದು ತಪ್ಪು ಗ್ರಹಿಕೆಯುಂಟು. ಅದು ಆಂಪ್ಲಿಫೈಯರನ್ನು ಕಾಯಲೆಂದು ಇರುವುದೆನ್ನುತ್ತಾರೆ. ಆಂಪ್ಲಿಫೈಯರಿನ ಬೆನ್ನಿನಲ್ಲೇ ಅದಕ್ಕೆ ಬೇಕಾದ ಫ್ಯೂಸುಗಳಿವೆ. ಬ್ಯಾಟರಿಯ ಬಳಿಯ ಫ್ಯೂಸು ಕಾಯಬೇಕಾದುದು ತಂತಿಯನ್ನು. ಕಾರಿನ ಬ್ಯಾಟರಿ ನೇರವಾಗಿ ತಗಡಿಗೆ ತಾಗಿದರೆ ಕ್ಷಣಮಾತ್ರದಲ್ಲಿ ನೂರಾರು ಆಂಪಿಯರುಗಳನ್ನು ಸುರಿಯಬಲ್ಲದು. ಅದನ್ನು ತಡೆಯುವ ಬಾಗಿಲು ಬ್ಯಾಟರಿಯ ಹತ್ತಿರವೇ ಇರಬೇಕು. ಫ್ಯೂಸಿನ ಹಿಂದಿನ ತಂತಿಗೆ ಯಾವ ರಕ್ಷಣೆಯೂ ಇಲ್ಲವಷ್ಟೆ. ಅದನ್ನು ಬ್ಯಾಟರಿಯಿಂದ ಹದಿನೆಂಟು ಅಂಗುಲದೊಳಗೆ ಇಡಬೇಕೆಂಬುದು ಈ ಕಸುಬಿನ ನಿಯಮ. ನಮ್ಮ ಅಜ್ಜಂದಿರ ಲೆಕ್ಕದಲ್ಲಿ ಸರಿಯಾಗಿ ಒಂದು ಮೊಳ. ಮೇಲಿನ ಉದಾಹರಣೆಯ 45 ಆಂಪಿಯರಿಗೆ 60 ಆಂಪಿಯರಿನ ಫ್ಯೂಸು ಸರಿ. ತಂತಿ ಅದಕ್ಕಿಂತ ಹೆಚ್ಚನ್ನು ತಾಳುವಂತಿರಬೇಕು.

ಹಾಗಾದರೆ ಎಷ್ಟು ದಪ್ಪದ ತಂತಿ? ಬ್ಯಾಟರಿಯಿಂದ ಡಿಕ್ಕಿಯವರೆಗೆ ಐದು ಮೀಟರು ಎಂದು ಇಟ್ಟುಕೊಳ್ಳೋಣ. ನಾಲ್ಕು ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಎಳೆದರೆ 45 ಆಂಪಿಯರಿನಲ್ಲಿ ಸುಮಾರು ಒಂದು ವೋಲ್ಟು ದಾರಿಯಲ್ಲೇ ನಷ್ಟ. ಸುಮಾರು 43 ವ್ಯಾಟಿನ ಶಾಖ ನೆಲಹಾಸಿನ ಕೆಳಗೆ! ಹದಿನಾರು ಚದರ ಮಿಲಿಮೀಟರಿನದಾದರೆ ಎರಡೂ ಕಾಲುಭಾಗಕ್ಕೆ ಇಳಿಯುತ್ತವೆ. ಅಂಗಡಿಯವರು ಚದರ ಮಿಲಿಮೀಟರಿನಲ್ಲಿ ಹೇಳದೆ ಗೇಜಿನಲ್ಲಿ ಹೇಳುವುದುಂಟು. ಅದೊಂದು ವಿಚಿತ್ರ ಲೆಕ್ಕ: ಅಂಕೆ ಇಳಿದಷ್ಟೂ ತಂತಿ ದಪ್ಪ. ನಾಲ್ಕು ಗೇಜೆಂದರೆ ಸುಮಾರು 21 ಚದರ ಮಿಲಿಮೀಟರು, ಎಂಟು ಗೇಜೆಂದರೆ ಎಂಟಕ್ಕೆ ಸ್ವಲ್ಪ ಮೇಲು.

ಅಂಕೆಗಿಂತ ಲೋಹವನ್ನು ನೋಡಬೇಕು. ನಾಗಮಂಗಲ ಕಂಚು ಹಿತ್ತಾಳೆಗಳ ಕೆಲಸಕ್ಕೆ ಹೆಸರಾದ ಊರು. ಅಲ್ಲಿಯ ಹಿರಿಯ ಕಸುಬುದಾರರು ಲೋಹವನ್ನು ಕೈಯಲ್ಲಿ ತೂಗಿಯೇ ಗುಣ ಹೇಳಿಯಾರು. ನಾವೂ ಅದೇ ಉಪಾಯವನ್ನು ಹಿಡಿಯಬಹುದು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಬಹುಪಾಲು ತಂತಿ ಅಲ್ಯೂಮಿನಿಯಮ್ಮಿನದು, ಮೇಲೆ ಮಾತ್ರ ತಾಮ್ರದ ತೆಳುಹೊದಿಕೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವುದು ಆರೋಗ್ಯಕ್ಕಾಗಿ; ಈ ಕಲಾಯಿ ಕಣ್ಣಿಗೆ ಮಣ್ಣೆರಚುವುದಕ್ಕಾಗಿ. ಶುದ್ಧ ತಾಮ್ರದ ವಾಹಕತೆಯಲ್ಲಿ ಮೂರನೆಯ ಎರಡು ಪಾಲೂ ಇದಕ್ಕಿಲ್ಲ. ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಮ್ಮೇ ಸರಿ. ಹೊದಿಕೆ ದಪ್ಪ, ಒಳಗಿನ ಲೋಹ ಬಡಕಲು ಎನ್ನುವ ಇನ್ನೊಂದು ಮೋಸವೂ ಉಂಟು. ಅದಕ್ಕೆ ತುದಿಯನ್ನು ಕತ್ತರಿಸಿ ತೋರಿಸೆಂದು ಕೇಳಲು ಸಂಕೋಚಪಡಬೇಡಿ. ರೇಷ್ಮೆ ಸೀರೆಯ ಜರಿಯನ್ನು ಕೆರೆದು ನೋಡುವ ಮನೆಗಳಲ್ಲಿ ಇದೇನು ಅಸಾಧ್ಯವಲ್ಲ.

ಆಂಪ್ಲಿಫೈಯರಿನ ಡಬ್ಬಿಯ ಮೇಲಿನ ಅಂಕೆಯನ್ನು ನಂಬುವವರಿಗೂ ಒಂದು ಸೂಚನೆ. ಮೇಲೆ 2000 ವ್ಯಾಟ್ ಎಂದು ಹೊಳೆಯುವ ಅಕ್ಷರಗಳಿದ್ದು, ಬೆನ್ನಿಗೆ 30 ಆಂಪಿಯರಿನ ಒಂದೇ ಫ್ಯೂಸು ಇದ್ದರೆ, ಅದು ಒಂದೇ ಸಮನೆ ಒಳಗೆ ತೆಗೆದುಕೊಳ್ಳಬಲ್ಲುದೇ ಸುಮಾರು 414 ವ್ಯಾಟು. ಕೊಳಗದಷ್ಟು ಹಾಲನ್ನು ಕುಡಿದ ಎಮ್ಮೆಗರು ಹಂಡೆಯಷ್ಟು ಕರೆಯುವುದೆಂದರೆ ನಂಬುವವರಾರು!

ಇನ್ನು ಹಿಂದಿರುಗುವ ದಾರಿ. ಬ್ಯಾಟರಿಯ ಋಣ ತುದಿ ಕಾರಿನ ಮೈಗೇ ಸೇರಿರುವುದರಿಂದ, ಆಂಪ್ಲಿಫೈಯರಿನ ಇನ್ನೊಂದು ತಂತಿಯನ್ನು ಸಮೀಪದ ದಪ್ಪ ತಗಡಿಗೆ ಬಿಗಿದರೆ ಸಾಕು. ಆದರೆ ಬಣ್ಣದ ಮೇಲೆ ಬಿಗಿದರೆ ಅದು ಬಿಗಿಯದಂತೆಯೇ. ಉಜ್ಜಿ ಲೋಹ ಕಾಣಿಸಬೇಕು. ಈ ತಂತಿಯೂ ಮೊದಲನೆಯದರಷ್ಟೇ ದಪ್ಪವಿದ್ದು, ಒಂದು ಮೊಳವನ್ನು ಮೀರದಿದ್ದರೆ ಒಳ್ಳೆಯದು. ಆಸನದ ಬೆಲ್ಟಿನ ಬೋಲ್ಟಿಗೆ ಇದನ್ನು ಸಿಕ್ಕಿಸುವ ಪದ್ಧತಿಯನ್ನು ಎಂದಿಗೂ ಒಪ್ಪಬಾರದು. ಆ ಬೋಲ್ಟು ಪ್ರಾಣ ಹಿಡಿಯುವುದಕ್ಕೆ ಇರುವುದು.

ಹಾಡಿನ ಸಂಕೇತವನ್ನು ಹೊತ್ತ ತೆಳು ತಂತಿಯನ್ನು ಕಾರಿನ ಇನ್ನೊಂದು ಮಗ್ಗುಲಲ್ಲಿ ಎಳೆಯಿಸಿ. ಎರಡೂ ಜೊತೆಜೊತೆಗೆ ಸಾಗಿದರೆ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಏರಿಳಿಯುವ ಕುಯ್ಯೆಂಬ ರಾಗವೊಂದು ಹಾಡಿನೊಳಗೆ ಸೇರಿಕೊಳ್ಳುವ ಸಂಭವವುಂಟು. ನೆಲಕ್ಕೆ ಬಿಗಿದ ತಂತಿ ಸಡಿಲವಾದರೂ ಇದೇ ರಾಗ.

ಧ್ವನಿಯ ಮಿತಿಯ ಮಾತನ್ನು ಇಲ್ಲಿ ವಿಸ್ತರಿಸಲಾರೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಹಿಂದೆ ಬರುವ ವಾಹನದ ಹಾರನ್ನು ಕೇಳಿಸದಂತೆ ಹಾಡು ಹಚ್ಚಿದ ಕಬ್ಬಿನ ಟ್ರ್ಯಾಕ್ಟರು ಹಗಲಿನಲ್ಲೂ ನನಗೆ ಹಿಡಿಸದು.

ಕೆಲಸ ಮುಗಿದ ದಿನವೇ ಹಣವನ್ನೆಲ್ಲ ಎಣಿಸಿಕೊಡಬೇಡಿ. ಸ್ವಲ್ಪ ಗಟ್ಟಿಯಾಗಿ ಹಾಡು ಹಚ್ಚಿ, ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗಿಬನ್ನಿ. ಎಂಜಿನ್ನನ್ನು ನಿಲ್ಲಿಸಿ ಬಾನೆಟ್ಟನ್ನೆತ್ತಿ, ಫ್ಯೂಸಿನ ಗೂಡನ್ನೂ ಅಲ್ಲಿಂದ ಹೊರಡುವ ತಂತಿಯನ್ನೂ ಮುಟ್ಟಿರಿ. ಎಂಜಿನ್ನಿನ ಪಕ್ಕದ ಉಳಿದ ತಂತಿಗಳಷ್ಟೇ ಬೆಚ್ಚಗಿದ್ದರೆ ಚಿಂತೆಯಿಲ್ಲ. ಅವುಗಳಿಗಿಂತ ಬಿಸಿಯಾಗಿದ್ದರೆ, ಕಾರನ್ನು ನೇರವಾಗಿ ಅದೇ ಅಂಗಡಿಗೆ ತಿರುಗಿಸಿ.